ಡಿಗ್ರಿಯವರ ಎಡಗೈ

ದೇವರು ಮನುಷ್ಯನಿಗೆ ಎರಡು ಕೈ ಕೊಟ್ಟಿರುವುದು ಒಂದು ಮಾಡಿದ್ದನ್ನು ಇನ್ನೊಂದು ಮುಚ್ಚಿಡಲಿ ಎಂದೇ ಇರಬೇಕು. ಹಾಲಿನ ಡೈರಿಯ ಡಿಗ್ರಿಯವರಿಗೆ ಇದು ತಿಳಿಯುವ ಹೊತ್ತಿಗೆ ಅವರ ಎಡಗೈ ಊರಿನ ಬಾಯಿಗೆ ಬಿದ್ದಾಗಿತ್ತು.

ಡಿಗ್ರಿಯವರು ಎಂದರೆ ಕಾಲೇಜು ಓದಿದವರೇನಲ್ಲ. ಇಪ್ಪತ್ತಾರು ವರ್ಷಗಳಿಂದ ಬೆಳಿಗ್ಗೆ ಸಂಜೆ ಡೈರಿಯ ಸಿಮೆಂಟಿನ ಕಟ್ಟೆಯ ಹಿಂದೆ ನಿಂತು, ಜನ ತಂದ ಹಾಲಿನೊಳಗೆ ಗಾಜಿನ ಲ್ಯಾಕ್ಟೋಮೀಟರನ್ನು ಇಳಿಬಿಟ್ಟು, ಅದು ಮೇಲೆ ಕೆಳಗೆ ಕುಣಿದು ನಿಲ್ಲುವವರೆಗೂ ಉಸಿರು ಹಿಡಿದು, "ಇಪ್ಪತ್ತೆಂಟು ಡಿಗ್ರಿ" ಎಂದೋ, "ಇಪ್ಪತ್ತನಾಲ್ಕು ಡಿಗ್ರಿ, ಅಕ್ಕಾ, ನಿಮ್ಮ ಹಸು ನಿನ್ನೆ ನೀರು ಜಾಸ್ತಿ ಕುಡೀತೇನೋ" ಎಂದೋ ಹೇಳುತ್ತಿದ್ದುದರಿಂದ ಬಂದ ಹೆಸರು ಅದು. ಅಪ್ಪ ಅಮ್ಮ ಇಟ್ಟ ಹೆಸರು ಮದುವೆಯ ಕಾಗದದಲ್ಲಿ ಮಾತ್ರ ಉಳಿದಿತ್ತು. ಆ ಕಾಗದ ಎಲ್ಲಿದೆಯೆಂದು ಹೆಂಡತಿಗೆ ಮಾತ್ರ ಗೊತ್ತಿತ್ತು.

ಇಂಥ ಸಾಧು ಮನುಷ್ಯನಿಗೆ ಐವತ್ತರ ಮೇಲೆ ಒಂದು ಹುಚ್ಚು ಹತ್ತಿತು. ಸೈಕಲ್ಲಿಗೆ ಪೆಡಲು ಹುಡುಕಲು ಗುಜರಿ ಅಂಗಡಿಗೆ ಹೋದವರು ಒಂದು ಹಳೆಯ ಕ್ಷೌರದ ಕತ್ತಿ ಹಿಡಿದುಕೊಂಡು ಬಂದರು. ಈಗಿನ ಹಾಗೆ ಬ್ಲೇಡು ಸಿಕ್ಕಿಸುವ ಸಾಮಾನಲ್ಲ. ಒಂದೇ ಉಕ್ಕಿನ ತುಂಡನ್ನು ಬೆನ್ನು ದಪ್ಪ, ಬಾಯಿ ತೆಳು ಮಾಡಿ, ಕೊಂಬಿನ ಹಿಡಿಯೊಳಗೆ ಮಡಚಿ ಮಲಗುವಂತೆ ಮಾಡಿದ, ಅಜ್ಜಂದಿರ ಕಾಲದ ಕತ್ತಿ. ಅದನ್ನು ಮೂರು ದಿನ ಸೀಮೆಎಣ್ಣೆಯಲ್ಲಿ ನೆನೆಸಿದರು. ತುಕ್ಕನ್ನು ಉಜ್ಜಿದರು. ಲಡಾಸು ಮೊಳೆ ಕಿತ್ತು ಹಿತ್ತಾಳೆ ತಂತಿ ಕೂರಿಸಿದರು. ಸಾಣೆಕಲ್ಲಿನ ಮೇಲೆ ಮಲಗಿಸಿ, ಎಳೆಗರುವಿನ ಬೆನ್ನು ನೇವರಿಸುವಷ್ಟು ಹಗುರಾಗಿ ಎಳೆದರು. ಆಮೇಲೆ ಚರ್ಮದ ಪಟ್ಟಿಯ ಮೇಲೆ ಅರವತ್ತು ಸಲ ಆಚೆ, ಅರವತ್ತು ಸಲ ಈಚೆ. ಮಸಿಕಡ್ಡಿಯಂತಿದ್ದ ಕತ್ತಿಯಲ್ಲಿ ಅವರಿಗೆ ತಮ್ಮ ಮುಖ ಕಂಡಿತು. ಅಲ್ಲಿಗೆ ಮುಗಿಯಿತು. ಸೈಕಲ್ಲು ಇಂದಿಗೂ ಒಂದೇ ಪೆಡಲಿನಲ್ಲಿ ಓಡುತ್ತಿದೆ.

ಒಂದು ಎರಡಾಯಿತು, ಎರಡು ಒಂಬತ್ತಾಯಿತು. ಗಡ್ಡ ಮಾತ್ರ ದಿನವೂ ಅಂಗಡಿಯ ಪ್ಲಾಸ್ಟಿಕ್ ರೇಜರಿನಲ್ಲೇ. ಆ ಕತ್ತಿಗಳನ್ನು ಗಂಟಲ ಹತ್ತಿರ ತರುವ ಎದೆಗಾರಿಕೆ ಅವರಿಗೆ ಇರಲಿಲ್ಲ. ಆದರೆ ಹರಿತ ಬಂದಿದೆಯೋ ಇಲ್ಲವೋ ನೋಡಬೇಕಲ್ಲ. ಅದಕ್ಕೊಂದು ಪರೀಕ್ಷೆಯುಂಟು. ಎಡ ಮುಂಗೈ ಮೇಲೆ ಕತ್ತಿಯನ್ನು ಹಾಗೇ ಗಾಳಿಯಂತೆ ಸೋಕಿಸಬೇಕು, ಸೋಪಿಲ್ಲ, ನೀರಿಲ್ಲ. ಕೂದಲು ತಾನಾಗಿ ಎಗರಿ ಬಿದ್ದರೆ ಪಾಸು. ಬಗ್ಗಿ ಮಲಗಿದರೆ ಮತ್ತೆ ಕಲ್ಲಿಗೆ.

ಚರ್ಮದ ಪಟ್ಟಿ ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಮನೆಯಲ್ಲಿ ಮೊದಲ ವಿಚಾರಣೆಗೆ ಕಾರಣವಾಯಿತು. ಒಂದು ಪಟ್ಟಿ ಹೆಂಡತಿಯ ಚರ್ಮದ ಚೀಲದ್ದು. ಇನ್ನೊಂದು ಹೆಂಡತಿಯ ಅಣ್ಣ ಸ್ನಾನಕ್ಕೆ ಹೋದಾಗ ಗೂಟಕ್ಕೆ ನೇತುಹಾಕಿದ್ದ ಬೆಲ್ಟು. ಆ ಅಣ್ಣನೇ ಡೈರಿಯ ಅಧ್ಯಕ್ಷ. ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಅವನು ತೀರ್ಪು ಕೊಟ್ಟ. "ಭಾವನೋರೇ, ಇದು ಇಲ್ಲಿಗೆ ಸಾಕು. ತಂಗಿ ಎದುರಿಗೆ ಮಾತು ಕೊಡಿ."

"ಇನ್ನು ಕತ್ತಿ ಮುಟ್ಟಲ್ಲ" ಎಂದರು ಡಿಗ್ರಿಯವರು.

ಮರುದಿನವೇ ಒಂಬತ್ತು ಕತ್ತಿಗಳೂ ಕಲ್ಲೂ ಪಟ್ಟಿಯೂ ಡೈರಿಯ ಹಿಂದಿನ ಕೋಣೆಯ ನಗ್ಗಿದ ಹಾಲಿನ ಕ್ಯಾನೊಳಗೆ ಸೇರಿದವು. ಮನೆಯಲ್ಲಿ ಕೊಟ್ಟ ಮಾತು ಮನೆಗೆ ಮಾತ್ರ ಎಂದು ಅವರು ಅರ್ಥ ಮಾಡಿಕೊಂಡಿದ್ದರು. ಹೆಂಡತಿ ಹಾಗೆ ಅರ್ಥ ಮಾಡಿಕೊಂಡಿರಲಿಲ್ಲ. ಬೀದಿಯಲ್ಲಿ ಯಾರ ಗಂಡನ ಸುದ್ದಿ ಬಂದರೂ, "ನಮ್ಮನೆಯವರು ಬೇರೆ ಏನಾದರೂ ಇರಲಿ, ಒಂದು ಮಾತು ಕೊಟ್ಟರೆ ಮುಗೀತು" ಎನ್ನುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ಡಿಗ್ರಿಯವರು ಚಪ್ಪಲಿ ಹುಡುಕಿಕೊಂಡು ಎದ್ದುಬಿಡುತ್ತಿದ್ದರು.

ಏಳು ತಿಂಗಳು ಹೀಗೇ ಸಾಗಿತು. ಕತ್ತಿಗಳು ಹತ್ತೊಂಬತ್ತಾದವು. ಒಂದು ದಿನ ನೀರಿನ ಕೊಡ ಎತ್ತಲು ತೋಳು ಮಡಚಿದರು. ಹೆಂಡತಿ ನೋಡಿದಳು.

"ಇದೇನ್ರೀ, ಕೈ ಸೋರೆಕಾಯಿ ಥರ ಆಗಿದೆ."

"ಅದಾ," ಎಂದರು ಡಿಗ್ರಿಯವರು. "ಉದುರಿತು."

"ಉದುರಿತಾ? ಎಲ್ಲಿ ಉದುರಿತು?"

"ಅಲ್ಲೇ ಕೆಳಗೆ."

"ಯಾವಾಗ?"

"ಒಂದೊಂದಾಗಿ."

ಸುಳ್ಳು ಹೇಳುವವನು ಚಿಕ್ಕದೊಂದನ್ನು ಹೇಳಿ ಸುಮ್ಮನಾಗಬೇಕು. ಆದರೆ ಪಕ್ಕದ ಮನೆಯಲ್ಲಿ ಕಂಪೌಂಡರ್ ಇದ್ದರೆ ಸುಮ್ಮನಾಗಲು ಬಿಡುವುದಿಲ್ಲ. ಈ ಕಂಪೌಂಡರ್ ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ಡಾಕ್ಟರುಗಳ ಪಕ್ಕ ನಿಂತು, ಅವರು ಮಾಡಿದ ತಪ್ಪುಗಳನ್ನೆಲ್ಲ ಮನಸ್ಸಿನಲ್ಲೇ ತಿದ್ದಿ ನಿವೃತ್ತರಾದವರು. ಗೋಡೆಯ ಮೇಲಿಂದಲೇ ಎಡಗೈ ಇಸಿದುಕೊಂಡರು.

"ನೋವಿದೆಯಾ?"

"ಇಲ್ಲ."

"ತುರಿಕೆ?"

"ಇಲ್ಲ."

"ಹಾಗಾದ್ರೆ ಗಂಭೀರ," ಎಂದರು ಕಂಪೌಂಡರ್. "ನೋವು ತುರಿಕೆ ಇದ್ದರೆ ಸಣ್ಣ ರೋಗ. ದೊಡ್ಡ ರೋಗ ಸದ್ದು ಮಾಡಲ್ಲ."

ಕಪಾಟಿನ ಮೂಲೆಯಿಂದ ಒಂದು ಹಸಿರು ಮುಲಾಮು ಬಂತು. ಅದರ ವಾಸನೆಗೆ ಡಿಗ್ರಿಯವರ ಮನೆಯ ಬೆಕ್ಕು ಕಂಪೌಂಡರ್ ಮನೆಗೆ ಹೋಗಿ ನೆಲೆಸಿತು. ಬೋಳಾದ ಜಾಗವನ್ನು ದಾರದಲ್ಲಿ ಅಳೆದು, ಗಂಟು ಹಾಕಿ, ಡಬ್ಬಿಯಲ್ಲಿಟ್ಟರು. "ವಾರ ಬಿಟ್ಟು ಅಳೆಯೋಣ. ಗಂಟಿನ ಒಳಗೇ ಇದ್ದರೆ ಬದುಕಿದಿರಿ."

ಗ್ರಹಚಾರ ನೋಡಿ, ಅದೇ ವಾರ ಹತ್ತೊಂಬತ್ತನೆಯ ಕತ್ತಿ ಕೈಯಲ್ಲಿತ್ತು. ಅಗಲವಾದ ಅಲಗು, ಎಲುಬಿನ ಹಿಡಿ, ಬಾಯಲ್ಲಿ ಗೋಧಿಕಾಳಿನಷ್ಟು ಮುಕ್ಕು. ಆ ಮುಕ್ಕನ್ನು ಸವೆಸಿ ತೆಗೆಯುವುದೆಂದರೆ ದಿನಕ್ಕೆ ನಾಲ್ಕು ಪರೀಕ್ಷೆ. ಎಡಗೈಯಲ್ಲಿ ಮೊಣಕೈವರೆಗೆ ಸರಕು ಮುಗಿದಿತ್ತು. ಡಿಗ್ರಿಯವರು ಕಾಲಿಗೆ ಇಳಿದರು.

ವಾರದ ಮೇಲೆ ದಾರ ಬಂತು. ಗಂಟು ಎಲ್ಲೋ, ಬೋಳು ಎಲ್ಲೋ. ಕಂಪೌಂಡರ್ ಪ್ಯಾಂಟು ಮೇಲಕ್ಕೆ ಎತ್ತಿಸಿ ನೋಡಿದರು. ಮೀನಖಂಡದ ಮೇಲೆ ಅಂಗೈಯಗಲ ನುಣ್ಣಗೆ ಹೊಳೆಯುತ್ತಿತ್ತು.

"ಇಳಿದಿದೆ," ಎಂದರು ಮೆಲ್ಲಗೆ. ಅವರ ಕಣ್ಣಲ್ಲಿ ನೀರಿತ್ತು, ಅದು ಸಂಕಟದ್ದಲ್ಲ. "ತಾಯೀ, ಇಂಥ ಕೇಸು ನನ್ನ ಸರ್ವಿಸಿನಲ್ಲಿ ಬರಲೇ ಇಲ್ಲವಲ್ಲ ಅಂತ ಕೊರಗಿದ್ದೆ."

ಹೆಂಡತಿ ಅಂದಿನಿಂದ ಗಂಡನಿಗೆ ಕೆಲಸ ಹೇಳುವುದನ್ನು ಬಿಟ್ಟಳು. ಒಳ್ಳೆಯ ತಟ್ಟೆಯಲ್ಲಿ ಊಟ ಬಡಿಸಿದಳು. ಬೈಯುವುದನ್ನೂ ನಿಲ್ಲಿಸಿದಳು. ಡಿಗ್ರಿಯವರಿಗೆ ಭಯವಾದದ್ದು ಆಗ.

ಸುದ್ದಿ ಡೈರಿಗೆ ಬಂತು. ಕಟ್ಟೆಯ ಮೇಲೆ ಕೈಯಿಂದ ಕೈಗೆ ಬರುತ್ತಿದ್ದ ಹಾಲಿನ ಪಾತ್ರೆಗಳು ಈಗ ದೂರದಲ್ಲಿ ನಿಂತು, ಕೋಲಿನ ತುದಿಯಿಂದ ಮುಂದಕ್ಕೆ ತಳ್ಳಿಸಿಕೊಂಡು ಬಂದವು. ಸಾಲಿನಲ್ಲಿ ನಿಂತವರು ತಮ್ಮ ತಮ್ಮ ಕೈಯ ಕೂದಲು ಎಣಿಸತೊಡಗಿದರು. ಎಣಿಸಿದರೆ ಯಾರಿಗೆ ತಾನೇ ಕಡಿಮೆಯಾಗಿರುವುದಿಲ್ಲ? ಮೂರನೆಯ ದಿನ ಒಂಟಿ ಹಸುವಿನ ಅಜ್ಜಿ, ಅಂದರೆ ಒಂದೇ ಹಸು ಸಾಕಿಕೊಂಡು ಅದರ ಹಾಲಿನಲ್ಲೇ ದಿನ ದೂಡುತ್ತಿದ್ದ ಮುದುಕಿ, ಹಸುವನ್ನೇ ಡೈರಿಯ ಬಾಗಿಲಿಗೆ ಹೊಡೆದುಕೊಂಡು ಬಂದಳು. ಅದರ ಕುತ್ತಿಗೆಯಲ್ಲಿ ಒಂದು ಬೋಳು ಮಚ್ಚೆ.

"ಹೋದ ತಿಂಗಳು ಇವನು ಇಲ್ಲೇ ತಟ್ಟಿದ್ದ," ಎಂದಳು ಅಜ್ಜಿ. "ಮನುಷ್ಯರಿಂದ ದನಕ್ಕೆ ಬಂತು. ಇನ್ನು ಹಾಲಿಗೆ ಬರೋಕೆ ಎಷ್ಟು ಹೊತ್ತು?"

ಈ ಮಾತು ಪಟ್ಟಣದ ದೊಡ್ಡ ಡೈರಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುದ್ರೆ ಒತ್ತಿದ ಕಾಗದ ಬಂತು. ಗುರುವಾರ ಹತ್ತು ಗಂಟೆಗೆ ಆರೋಗ್ಯ ಇನ್ಸ್‌ಪೆಕ್ಟರು ಬರುತ್ತಾರೆ. ರೋಗ ನಿಜವಾದರೆ ಡೈರಿಗೆ ನಲವತ್ತು ದಿನ ಬೀಗ.

ಅಧ್ಯಕ್ಷ ಮನೆಗೆ ಬಂದು ಬಾಗಿಲ ಹೊರಗೇ ನಿಂತ. "ಭಾವನೋರೇ, ಕೋಪ ಮಾಡ್ಕೋಬೇಡಿ. ಅನಾರೋಗ್ಯ ಅಂತ ಒಂದು ರಾಜೀನಾಮೆ ಬರೆದುಬಿಡಿ. ನಿಮ್ಮ ಗೌರವವೂ ಉಳಿಯುತ್ತೆ, ನಮ್ಮ ಬಾಗಿಲೂ ತೆರೆದಿರುತ್ತೆ. ಕಾಗದ ಅಲ್ಲೇ ಕಿಟಕಿ ಮೇಲಿಡಿ. ನಾನು ಇಕ್ಕಳದಲ್ಲಿ ತಗೋತೀನಿ."

ಬರೆಯದೆ ಇದ್ದರೆ ಬೀಗ. ಬರೆದರೆ ಇಪ್ಪತ್ತಾರು ವರ್ಷದ ಕಟ್ಟೆ ಹೋಯಿತು. ನಿಜ ಹೇಳಿದರೆ ಎರಡೂ ಉಳಿಯುತ್ತವೆ. ಆದರೆ ಒಂದು ಮಾತು ಕೊಟ್ಟರೆ ಮುಗೀತು ಎನ್ನುವ ಹೆಂಡತಿ ಬೀದಿಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಡಿಗ್ರಿಯವರು ಮೂರನ್ನೂ ತೂಗಿ ನೋಡಿ, ಯಾವುದೂ ಇಪ್ಪತ್ತೆಂಟು ಮುಟ್ಟದೆ, ಕಾಗದವನ್ನು ಬರೆದು ಜೇಬಿನಲ್ಲಿಟ್ಟುಕೊಂಡು ಗುರುವಾರ ಡೈರಿಗೆ ಹೋದರು.

ಅಷ್ಟು ಜನವನ್ನು ಆ ಅಂಗಳ ಹಿಂದೆಂದೂ ಕಂಡಿರಲಿಲ್ಲ. ಎಲ್ಲರೂ ಬಂದಿದ್ದರು, ಯಾರೂ ಹತ್ತಿರ ಬಂದಿರಲಿಲ್ಲ. ಹೆಂಡತಿ ಅಳತೆಯ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಇನ್ಸ್‌ಪೆಕ್ಟರು ಗವಸು ಹಾಕಿಕೊಂಡು, ಭೂತಗನ್ನಡಿ ಹಿಡಿದು, ಮೂರು ಮಾರು ದೂರದಿಂದ ಕೈಯನ್ನು ನೋಡಿದರು. ಅಷ್ಟು ದೂರದಿಂದ ಭೂತಗನ್ನಡಿಯಲ್ಲಿ ಕಂಡದ್ದು ಕೈಯೋ ಗೋಡೆಯೋ ಅವರಿಗೇ ಗೊತ್ತು. ಕಂಪೌಂಡರ್ ಗಂಟುಗಳಿದ್ದ ದಾರವನ್ನು ಮೇಜಿನ ಮೇಲೆ ಉದ್ದಕ್ಕೆ ಹಾಸಿ ರೋಗದ ಚರಿತ್ರೆಯನ್ನು ವಿವರಿಸುತ್ತಿದ್ದರು.

"ಬೀಗ ಹಾಕೋದೇ ಸರಿ," ಎಂದರು ಇನ್ಸ್‌ಪೆಕ್ಟರು.

ಆಗ ಒಂಟಿ ಹಸುವಿನ ಅಜ್ಜಿ ಯಾರಿಗೆಂದಿಲ್ಲದೆ ಹೇಳಿದಳು. "ನಲವತ್ತು ದಿನ ನಾನು ಹಾಲು ಎಲ್ಲಿ ಸುರೀಲಿ? ಸ್ವಲ್ಪ ತಡ್ಕೋ ಅಂತ ಹಸುವಿಗೆ ಹೇಳೋಕಾಗುತ್ತಾ?"

ಡಿಗ್ರಿಯವರ ಕೈ ಜೇಬಿಗೆ ಹೋಯಿತು. ಕಾಗದ ಸಿಕ್ಕಿತು. ಅದನ್ನು ಅಲ್ಲೇ ಬಿಟ್ಟು ಅವರು ಹಿಂದಿನ ಕೋಣೆಗೆ ನಡೆದರು. ನಗ್ಗಿದ ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಮೇಜಿನ ಮೇಲೆ ದಾರದ ಪಕ್ಕ ಇಳಿಸಿ, ಒಂದೊಂದಾಗಿ ಬಟ್ಟೆಯ ಪೊಟ್ಟಣ ಬಿಚ್ಚಿದರು. ಹತ್ತೊಂಬತ್ತು ಕತ್ತಿಗಳು ಬಿಸಿಲಿಗೆ ಬಾಯಿ ತೆರೆದು ಮಲಗಿದವು.

"ರೋಗ ಇಲ್ಲ," ಎಂದರು. ಅವರು ಇನ್ಸ್‌ಪೆಕ್ಟರನ್ನು ನೋಡಲಿಲ್ಲ, ಬಾಗಿಲ ಕಡೆಗೂ ನೋಡಲಿಲ್ಲ; ಕತ್ತಿಗಳಿಗೇ ಹೇಳಿದ ಹಾಗಿತ್ತು. "ಹರಿತ ನೋಡೋಕೆ ನಾನೇ ಬೋಳಿಸಿಕೊಂಡೆ. ಮಾತು ಕೊಟ್ಟಿದ್ದೆ, ತಪ್ಪಿದೆ."

ಅಂಗಳದಲ್ಲಿದ್ದ ಎಲ್ಲರೂ ಒಟ್ಟಿಗೆ ನಂಬದೆ ಹೋದರು.

ಸತ್ಯಕ್ಕೆ ಇರುವ ದೊಡ್ಡ ತೊಂದರೆ ಅದು. ರೋಗ ಎಂದರೆ ನಂಬಬಹುದು. ಮದುವೆಯಾದ, ಕೆಲಸದಲ್ಲಿರುವ ಗಂಡಸು ಹಾಲಿನ ಕ್ಯಾನಿನ ಹಿಂದೆ ಕೂತು ತನ್ನ ಕಾಲನ್ನು ತಾನೇ ಬೋಳಿಸಿಕೊಳ್ಳುತ್ತಾನೆ ಎಂದರೆ ಯಾರು ನಂಬುತ್ತಾರೆ?

"ಭಾವನೋರೇ, ಡೈರಿ ಉಳಿಸೋಕೆ ಕತೆ ಕಟ್ತಿದ್ದೀರಿ. ನಿಮ್ಮ ಮನಸ್ಸು ದೊಡ್ಡದು," ಎಂದ ಅಧ್ಯಕ್ಷ.

"ಇದೂ ಒಂದು ಲಕ್ಷಣ," ಎಂದರು ಕಂಪೌಂಡರ್. "ರೋಗಿ ಒಪ್ಪೋದಿಲ್ಲ. ಬರ್ಕೊಳ್ಳಿ ಸಾರ್."

ಇನ್ಸ್‌ಪೆಕ್ಟರು ಒಂದು ಕತ್ತಿಯನ್ನು ಪೆನ್ಸಿಲಿನಿಂದ ತಿವಿದರು. "ಇಷ್ಟು ಹಳೇ ಕಬ್ಬಿಣ ಕೂದಲು ಕತ್ತರಿಸುತ್ತಾ? ಇದನ್ನು ತಿಳಿದೋರು ಯಾರಾದ್ರೂ ಇದ್ದಾರಾ ಇಲ್ಲಿ?"

ಜನ ಇಬ್ಭಾಗವಾಗಿ ಸಲೂನಿನ ಅಜ್ಜನಿಗೆ ದಾರಿ ಬಿಟ್ಟರು. ಐವತ್ತು ವರ್ಷ ಊರಿನ ಗಡ್ಡ ತೆಗೆದವರು. ಕೈ ನಡುಗಲು ಶುರುವಾದ ಮೇಲೆ ಕುರ್ಚಿಯನ್ನು ಮಗನಿಗೆ ಬಿಟ್ಟು ಮನೆ ಸೇರಿದ್ದರು. ಮೇಜಿನ ಹತ್ತಿರ ಬಂದು, ಒಂದು ಕತ್ತಿಯನ್ನು ಎತ್ತಿ, ಅದರ ಬಾಯಿಗೆ ಅಡ್ಡವಾಗಿ ಹೆಬ್ಬೆರಳು ಸೋಕಿಸಿದರು. ಇನ್ನೊಂದು. ಮತ್ತೊಂದು. ಹೀಗೆ ಹತ್ತೊಂಬತ್ತೂ ಮುಗಿದವು. ಆಮೇಲೆ ಅಜ್ಜ ತಮ್ಮ ಎಡತೋಳಿನ ಗುಂಡಿ ಬಿಚ್ಚಿ ಅಂಗಿ ಮೇಲಕ್ಕೆ ಸರಿಸಿದರು.

ಮುಂಗೈ ಕನ್ನಡಿಯ ಹಾಗಿತ್ತು. ಒಂದೇ ಒಂದು ಕೂದಲಿಲ್ಲ.

"ಅಯ್ಯೋ, ಇವರಿಗೂ ಅಂಟಿಬಿಡ್ತಲ್ಲ," ಎಂದರು ಕಂಪೌಂಡರ್, ದಾರ ಎತ್ತಿಕೊಂಡು. ಮುಂದಿನ ಸಾಲು ಹಿಂದಿನ ಸಾಲಾಯಿತು.

"ಐವತ್ತು ವರ್ಷದಿಂದ ಅಂಟಿದೆ ಕಣಯ್ಯಾ," ಎಂದರು ಅಜ್ಜ. "ಕಲ್ಲಿಂದ ಎತ್ತಿದ ಕತ್ತೀನ ಮೊದಲು ನನ್ನ ಮೇಲೆ ನೋಡಿ, ಆಮೇಲೆ ನಿನ್ನ ಕೆನ್ನೆಗೆ ತರ್ತಿದ್ದೆ. ಇನ್ನು ಬೆಳೆಯೋದೇ ಬೇಡ ಅಂತ ಅದೂ ಬಿಟ್ಟುಬಿಟ್ಟಿದೆ. ಕತ್ತಿ ಹಿಡಿಯೋನ ಎಡಗೈಯಲ್ಲಿ ಕೂದಲಿದ್ದರೆ ಅವನ ಮುಂದೆ ಗಂಟಲು ಎತ್ತಬಾರದು."

ಇನ್ಸ್‌ಪೆಕ್ಟರು ಸರ್ಕಾರಿ ಮನುಷ್ಯ. ಅವರಿಗೆ ಮಾತಲ್ಲ, ಪ್ರಯೋಗ ಬೇಕು. "ಯಾರ ಮೇಲಾದ್ರೂ ತೋರಿಸಿ ನೋಡೋಣ."

"ಅಧ್ಯಕ್ಷರ ಕೈ ಕೊಡಿ," ಎಂದಳು ಒಂಟಿ ಹಸುವಿನ ಅಜ್ಜಿ. "ಕರಡಿ ಕೈ ಅದು. ಅಲ್ಲಿ ಗೆದ್ದರೆ ಎಲ್ಲಾ ಕಡೆ ಗೆದ್ದ ಹಾಗೆ."

ಅಧ್ಯಕ್ಷನ ಕೈಯನ್ನು ಅಧ್ಯಕ್ಷನಿಗಿಂತ ಮುಂಚೆ ನಾಲ್ಕು ಜನ ಮೇಜಿನ ಮೇಲಿಟ್ಟರು. ಡಿಗ್ರಿಯವರು ಹತ್ತೊಂಬತ್ತನೆಯ ಕತ್ತಿ ಎತ್ತಿಕೊಂಡರು. ಪಟ್ಟಿಯ ಮೇಲೆ ಹತ್ತು ಸಲ ಎಳೆದರು. ಅದು ತನ್ನ ಹಳೆಯ ಬೆಲ್ಟೆಂದು ಅಧ್ಯಕ್ಷನಿಗೆ ತಿಳಿದರೂ ಮಾತೆತ್ತುವ ಸಮಯ ಅದಾಗಿರಲಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದೇ ಎಳೆತ. ಸದ್ದೇ ಇಲ್ಲ. ದಟ್ಟ ಕಾಡಿನ ನಡುವೆ ಹೊಸ ರಸ್ತೆ ಬಿದ್ದ ಹಾಗೆ ಎರಡು ಬೆರಳಗಲ ಬಿಳಿಯ ದಾರಿ ಮೂಡಿತು. ಕರಿಯ ಕೂದಲು ಮೇಜಿನ ಮೇಲೆ ಗುಡ್ಡೆಯಾಯಿತು.

"ನೋವಾಯ್ತಾ?" ಎಂದರು ಇನ್ಸ್‌ಪೆಕ್ಟರು.

"ಮಾಡಿದ್ರಾ?" ಎಂದ ಅಧ್ಯಕ್ಷ, ಕಣ್ಣು ಮುಚ್ಚಿಕೊಂಡೇ.

ಇನ್ಸ್‌ಪೆಕ್ಟರು ಈ ಸಲ ಹತ್ತಿರಕ್ಕೇ ಬಂದು ಆ ದಾರಿಯನ್ನೂ ಡಿಗ್ರಿಯವರ ಕೈಯನ್ನೂ ಭೂತಗನ್ನಡಿಯಲ್ಲಿ ಅಕ್ಕಪಕ್ಕ ನೋಡಿದರು. ಒಂದೇ ಥರ. ಅಧ್ಯಕ್ಷನಿಗೆ ರೋಗ ಬರಲು ಒಂದು ಉಸಿರಿನ ಹೊತ್ತು ಸಾಕಾಗಿತ್ತು. ಅವರು ಗವಸು ಕಳಚಿ ಜೇಬಿಗೆ ಹಾಕಿಕೊಂಡರು.

ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಸಲೂನಿನ ಅಜ್ಜ ಒಂದು ಖಾಲಿ ಕ್ಯಾನನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಕತ್ತು ಹಿಂದಕ್ಕೆ ಚೆಲ್ಲಿದರು. "ಕೈ ಏನು ಹೇಳುತ್ತೆ? ಕತ್ತಿ ಮಾತು ಕೆನ್ನೆ ಕೇಳಬೇಕು. ಎರಡು ವರ್ಷದಿಂದ ಮಗ ಮಿಷಿನ್ನಿನಲ್ಲಿ ಹುಲ್ಲು ಕೊಯ್ದ ಹಾಗೆ ಕೆರೀತಾನೆ. ಬಾ."

ಡಿಗ್ರಿಯವರು ಬಗ್ಗಿ ಅಜ್ಜನ ಕಿವಿಯಲ್ಲಿ ಉಸುರಿದರು. "ಅಜ್ಜಾ, ನಾನು ಇದುವರೆಗೆ ಒಂದು ಗಡ್ಡಾನೂ ತೆಗೆದಿಲ್ಲ. ನನ್ನದೂ ಸೇರಿ."

"ನಿನ್ನ ಕೆನ್ನೆ ನೋಡಿದ್ರೇ ಗೊತ್ತಾಗುತ್ತೆ. ಗಟ್ಟಿಯಾಗಿ ಹೇಳಬೇಡ."

ಕ್ಯಾನು ತೊಳೆಯಲು ಕಾಯಿಸಿಟ್ಟಿದ್ದ ಬಿಸಿನೀರು ಬಂತು. ಕೈ ತೊಳೆಯುವ ಸೋಪಿನ ಚೂರು ಬಂತು. ನೊರೆಯ ಕೆಳಗಿಂದ ಅಜ್ಜ ತುಟಿ ಅಲುಗಿಸದೆ ದಾರಿ ಹೇಳಿಕೊಟ್ಟರು. "ಚರ್ಮ ಎಳೆದು ಹಿಡಿ. ಕತ್ತೀನ ಪೂರಾ ಮಲಗಿಸಬೇಡ, ನೆಟ್ಟಗೂ ನಿಲ್ಲಿಸಬೇಡ. ಮೀಟಿಂಗಿನಲ್ಲಿ ನಿಮ್ಮ ಅಧ್ಯಕ್ಷರು ಕೂರ್ತಾರಲ್ಲ, ಹಾಗೆ ಒರಗಿಸು. ಹಾಂ. ಈಗ ನೀನು ಏನೂ ಮಾಡಬೇಡ, ಅದೇ ಹೋಗುತ್ತೆ."

ಇಪ್ಪತ್ತಾರು ವರ್ಷ ಲ್ಯಾಕ್ಟೋಮೀಟರ್ ನಿಲ್ಲುವುದನ್ನು ಉಸಿರು ಹಿಡಿದು ಕಾದ ಮನುಷ್ಯ ಅದೇ ಉಸಿರು ಹಿಡಿದರು. ಕತ್ತಿ ಹೋಯಿತು. ಗರಗರ ಎಂಬ ಸಣ್ಣ ದನಿ, ಹಸು ಮೇಯುವಾಗ ಕೇಳುವಂಥದ್ದು. ಎಡಗೆನ್ನೆ, ಬಲಗೆನ್ನೆ, ಗಲ್ಲ, ಕೊನೆಗೆ ಗಂಟಲು. ಗಂಟಲಿನ ಹತ್ತಿರ ಅಂಗಳದ ಅಷ್ಟೂ ಜನ ತಮ್ಮ ತಮ್ಮ ಗಂಟಲು ಹಿಡಿದುಕೊಂಡಿದ್ದರು. ಒಂದು ತೊಟ್ಟು ರಕ್ತ ಬರಲಿಲ್ಲ.

ಅಜ್ಜ ಕೆನ್ನೆ ಸವರಿಕೊಂಡರು. ಮತ್ತೊಮ್ಮೆ ಸವರಿಕೊಂಡರು. "ಐವತ್ತು ವರ್ಷ ಎಲ್ಲರಿಗೂ ಇದನ್ನೇ ಕೊಟ್ಟೆ," ಎಂದರು. "ಇದು ಹೀಗಿರುತ್ತೆ ಅಂತ ನನಗೆ ಯಾರೂ ಹೇಳಲೇ ಇಲ್ಲ ನೋಡು."

ಇನ್ಸ್‌ಪೆಕ್ಟರು ವರದಿ ಬರೆದರು: 'ರೋಗವಿಲ್ಲ. ಹರಿತವಿದೆ. ಡೈರಿ ನಡೆಯಬಹುದು.' ಬರೆದು ಪೆನ್ನು ಮುಚ್ಚಿ, ಅತ್ತಿತ್ತ ನೋಡಿ, ಮೆಲ್ಲಗೆ ತಾವೂ ಎಡತೋಳು ಮಡಚಿದರು. ಅವರ ಹಿಂದೆ ಸಾಲು ನಿಂತಿತು. ಒಂಟಿ ಹಸುವಿನ ಅಜ್ಜಿ, ತನ್ನ ಹಸು ಕಂಬಕ್ಕೆ ಕುತ್ತಿಗೆ ಉಜ್ಜುವುದು ಮೊದಲಿಂದಲೂ ಇದ್ದದ್ದೇ ಎಂದು ಈಗ ನೆನಪು ಮಾಡಿಕೊಂಡಳು. ಕಂಪೌಂಡರ್ ಮಾತ್ರ ಸೋಲಲಿಲ್ಲ. "ನನ್ನ ಮುಲಾಮು ಹಚ್ಚದೆ ಇದ್ದಿದ್ರೆ ಇದು ರೋಗವೇ ಆಗಿರೋದು" ಎಂದು ದಾರವನ್ನು ಸುತ್ತಿ ಜೇಬಿಗಿಟ್ಟರು.

ಸಂಜೆ ಹಾಲು ಒಯ್ಯಲು ಟ್ಯಾಂಕರ್ ಬಂತು. ಬೆಳಗಿನ ಸುದ್ದಿ ತಿಳಿಯದ ಡ್ರೈವರ್ ಕೆಳಗಿಳಿದು ನೋಡಿದರೆ, ಸಾಲಿನಲ್ಲಿ ಮೂವತ್ತು ಜನ, ಮೂವತ್ತು ಬೋಳು ಎಡಗೈ. ಅವನು ಮರಳಿ ಹತ್ತಿ ಗಾಜು ಏರಿಸಿಕೊಂಡ. ಅಧ್ಯಕ್ಷನೇ ಹೋಗಿ ತನ್ನ ಕೈ ತೋರಿಸಿ ಸಮಾಧಾನ ಹೇಳಿದ. ಅದರಿಂದ ಡ್ರೈವರ್ ಒಳಗಿನ ಚಿಲಕವನ್ನೂ ಹಾಕಿಕೊಂಡ.

ಇಷ್ಟೆಲ್ಲ ಆದರೂ ಡಿಗ್ರಿಯವರು ಗೆದ್ದವರಂತೆ ಇರಲಿಲ್ಲ. ಬೆಳಿಗ್ಗೆ ಬಾಗಿಲಿಗೆ ಒರಗಿದ್ದ ಹೆಂಡತಿ ವರದಿ ಬರೆಯುವ ಮೊದಲೇ ಮನೆಗೆ ಹೋಗಿದ್ದಳು. ಕಟ್ಟೆ ತೊಳೆದು, ಅಳತೆಯ ಪಾತ್ರೆ ಬೋರಲು ಹಾಕಿ, ಹಿಂದಿನ ಕೋಣೆಗೆ ಬಂದರೆ ಅವಳು ಅಲ್ಲಿ ನಿಂತಿದ್ದಳು. ಮಡಚಿ ಮತ್ತೆ ಕ್ಯಾನಿಗೆ ಹಾಕಿದ್ದ ಕತ್ತಿಗಳನ್ನು ಪಕ್ಕಕ್ಕೆ ಸರಿಸಿ, ಒಳಗೆ ಮೊಣಕೈವರೆಗೆ ಕೈ ಹಾಕಿ ತಳ ತಡಕುತ್ತಿದ್ದಳು.

"ಎಷ್ಟು ದಿನದಿಂದ ಇದರಲ್ಲಿವೆ?"

"ಏಳು ತಿಂಗಳು."

ಹೆಂಡತಿ ಕೈ ಹೊರತೆಗೆದು ಬೆರಳುಗಳನ್ನು ಅವರ ಮುಖದ ಮುಂದೆ ಹಿಡಿದಳು. ಬೆರಳು ಒದ್ದೆಯಾಗಿದ್ದವು.

"ಉಕ್ಕಿನ ಸಾಮಾನನ್ನ ಯಾರಾದ್ರೂ ಹಾಲಿನ ಕ್ಯಾನಿನಲ್ಲಿ ಇಡ್ತಾರೇನ್ರೀ? ತಳದಲ್ಲಿ ತೇವ ಆಡ್ತಿದೆ. ಇಷ್ಟು ಕಷ್ಟಪಟ್ಟು ತೆಗೆದ ತುಕ್ಕು ಮತ್ತೆ ಹಿಡಿಯಲ್ವಾ? ತಲೆಯಲ್ಲಿ ಏನು ತುಂಬ್ಕೊಂಡಿದ್ದೀರಿ?"

ಮೂರು ವಾರದ ಮೇಲೆ ಮೊದಲ ಬೈಗುಳ. ಡಿಗ್ರಿಯವರಿಗೆ ಮೈಗೆ ಬಿಸಿನೀರು ಹೊಯ್ದ ಹಾಗಾಯಿತು.

"ಬಟ್ಟೆ ಬೀರುವಿನಲ್ಲಿ ಮೇಲಿನ ಖಾನೆ ಖಾಲಿ ಮಾಡಿದ್ದೀನಿ," ಎಂದಳು ಹೆಂಡತಿ. "ಅಲ್ಲಿ ಬೆಚ್ಚಗಿರುತ್ತೆ. ಇನ್ನೊಂದು ವಿಷಯ. ಇನ್ನು ಮೇಲೆ ಯಾರಿಗೂ ಮಾತು ಕೊಡೋಕೆ ಹೋಗಬೇಡಿ. ನಿಮಗೆ ಅದು ಆಗಿಬರಲ್ಲ. ಹಿಡೀರಿ ಆ ಕಡೆ."

ಕ್ಯಾನಿನ ಒಂದು ಕಿವಿಯನ್ನು ಅವಳು ಹಿಡಿದಳು, ಇನ್ನೊಂದನ್ನು ಅವರು. ಇಬ್ಬರೂ ಬೀದಿಯ ನಟ್ಟ ನಡುವೆ ಹೊರಟರು. ಹೆಜ್ಜೆಹೆಜ್ಜೆಗೂ ಒಳಗೆ ಹತ್ತೊಂಬತ್ತು ಕತ್ತಿಗಳು ಕಿಣಿಕಿಣಿ ಎಂದವು. ಜಗಲಿಯಲ್ಲಿ ಕೂತವರು ಎದ್ದು ನಿಂತರು, ಎದುರಿಗೆ ಬಂದ ಸೈಕಲ್ಲಿನವನು ಇಳಿದು ಪಕ್ಕಕ್ಕೆ ಸರಿದ. ಆ ಕ್ಯಾನಿಗೆ, ಅದರ ತುಂಬ ಹಾಲಿದ್ದ ಕಾಲದಲ್ಲೂ, ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ.